ಡಾಕ್ಟರ್ ಎಲ್ಲಾಪ್ರಗಡ ಸುಬ್ಬರಾಯರು

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕರಾವಳಿಯಿಂದ ಬಂದವರಿಗೆ ಆನೆಕಾಲು ರೋಗವೆಂದರೇನೆಂದು ಬಣ್ಣಿಸಿ ಹೇಳಬೇಕಾದುದಿಲ್ಲ. ಕಾಲು ಬಾತ ಒಬ್ಬಿಬ್ಬರು ಹಿರಿಯರನ್ನಾದರೂ ನಾವು ಕಂಡೇ ಇದ್ದೇವೆ. ರಾತ್ರಿಯ ಹೊತ್ತಿನಲ್ಲಿ ಆರೋಗ್ಯ ಇಲಾಖೆಯವರು ಬಂದು ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದುಕೊಂಡು ಹೋಗುತ್ತಿದ್ದುದನ್ನು ನಮ್ಮ ಮನೆಯ ದೊಡ್ಡವರು ಈಗಲೂ ಹೇಳುತ್ತಾರೆ. 2004ರಿಂದ ಮುಂದೆ ಹಲವು ವರ್ಷ ನಮ್ಮ ಜಿಲ್ಲೆಯಲ್ಲಿ ಮನೆಮನೆಗೂ ಮಾತ್ರೆ ಹಂಚಿ, ಊಟವಾದ ಮೇಲೆ ತಮ್ಮೆದುರಿಗೇ ನುಂಗಬೇಕೆಂದು ಒತ್ತಾಯಿಸುತ್ತಿದ್ದರು. ಆ ಮಾತ್ರೆಗಳಲ್ಲೊಂದರ ಹೆಸರು ಡಿ.ಇ.ಸಿ. ಅದು 1947ರಲ್ಲಿ ಅಮೇರಿಕೆಯ ಲೆಡರ್ಲಿ ಎಂಬ ಔಷಧ ಸಂಸ್ಥೆಯ ಪ್ರಯೋಗಶಾಲೆಯಿಂದ ಹೊರಬಂದ ವಸ್ತು. ಆಗ ಆ ಸಂಸ್ಥೆಯ ಸಂಶೋಧನೆಗೆಲ್ಲ ಮುಖ್ಯಸ್ಥರಾಗಿದ್ದವರು ಗೋದಾವರಿ ತೀರದ ಒಂದು ಬಡ ಮನೆತನದಿಂದ ಬಂದ ಎಲ್ಲಾಪ್ರಗಡ ಸುಬ್ಬರಾಯರು.

ಆನೆಕಾಲಿನ ಮದ್ದು ಅವರ ಜೀವನದ ಒಂದು ಮಗ್ಗುಲು ಮಾತ್ರ. ನಾನು ಅವರ ಚರಿತ್ರೆಯನ್ನು ಬರೆಯಹೊರಟದ್ದಕ್ಕೆ ಕಾರಣ ಬೇರೆ. ನಮ್ಮ ಶರೀರದ ಜೀವಕೋಶಗಳು ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬ ಅಪ್ಪಣೆಗಳು ರಂಜಕದ ಒಂದು ಸಣ್ಣ ಕಣದ ಮೂಲಕ ನಡೆಯುತ್ತವೆಂದು ಈಗ ತಿಳಿದಿದೆ. ಆ ಅಪ್ಪಣೆ ಕೆಟ್ಟಲ್ಲಿ ಹಲವು ಬಗೆಯ ಕ್ಯಾನ್ಸರ್ ಹುಟ್ಟುತ್ತದೆ. ಶರೀರದಲ್ಲಿರುವ ಆ ರಂಜಕವನ್ನು ಸುಲಭವಾಗಿ ಅಳೆಯುವ ಬಗೆಯನ್ನು ಕಂಡುಹಿಡಿದವರಲ್ಲಿ ಸುಬ್ಬರಾಯರೊಬ್ಬರು; ಮಕ್ಕಳ ರಕ್ತದ ಕ್ಯಾನ್ಸರನ್ನು ಮೊದಲು ಹಿಮ್ಮೆಟ್ಟಿಸಿದ ಔಷಧ ಹೊರಬಂದುದೂ ಅವರ ಪ್ರಯೋಗಶಾಲೆಯಿಂದಲೇ. ಇವೆರಡೂ ಒಂದೇ ಕಥೆಯ ಎರಡು ತುದಿಗಳೆಂಬುದನ್ನು ಅರಿಯುವಷ್ಟು ಕಾಲ ಅವರು ಬದುಕಲಿಲ್ಲ. ಕಲಾ ಕಾಲೇಜಿನ ಸಂಚಿಕೆಯಲ್ಲಿ ರಸಾಯನಶಾಸ್ತ್ರವೇಕೆಂದು ಮಿತ್ರರು ಕೇಳಬಹುದು. ನಾನೂ ಇತಿಹಾಸದ ವಿದ್ಯಾರ್ಥಿಯೇ. ರಾಜರ ಇತಿಹಾಸ ಓದುವವರು ಔಷಧದ ಇತಿಹಾಸವನ್ನೂ ಓದಬಾರದೆಂದು ಯಾರೂ ಹೇಳಿಲ್ಲವಷ್ಟೆ.

ಸುಬ್ಬರಾಯರು ಹುಟ್ಟಿದ್ದು 1895ರ ಜನವರಿ 12ರಂದು, ಅಂದಿನ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಭೀಮಾವರಂನಲ್ಲಿ. ತಂದೆ ಜಗನ್ನಾಥಂ ರೆವಿನ್ಯೂ ಇಲಾಖೆಯ ನೌಕರರು. ಆರೋಗ್ಯ ಕೆಟ್ಟು ಬೇಗನೆ ನಿವೃತ್ತರಾದರು. ತಾಯಿ ವೆಂಕಮ್ಮ. ಏಳು ಮಕ್ಕಳಲ್ಲಿ ಇವರು ನಾಲ್ಕನೆಯವರು. ಮನೆಯಲ್ಲಿ ಬಡತನ, ತಂದೆ ಹಾಸಿಗೆ ಹಿಡಿದವರು. ಹುಡುಗನಿಗೆ ಓದಿನಲ್ಲಿ ಮನಸ್ಸಿಲ್ಲ. ಒಮ್ಮೆ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುವೆನೆಂದು ಮನೆಬಿಟ್ಟು ಓಡಿಹೋದರಂತೆ. ತಾಯಿ ಬಿಡಲಿಲ್ಲ, ಹಿಂದಕ್ಕೆ ಕರೆಸಿಕೊಂಡು ಪುನಃ ಶಾಲೆಗೆ ನೂಕಿದರು. ರಾಜಮಹೇಂದ್ರಿಯಲ್ಲಿ ಓದಿ, ಕೊನೆಗೆ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಅದು ಅವರ ಮೂರನೆಯ ಪ್ರಯತ್ನ. ಎರಡು ಸಲ ನಪಾಸಾದುದನ್ನು ಅವರ ಚರಿತ್ರೆಕಾರರು ಮುಚ್ಚಿಟ್ಟಿಲ್ಲ, ನಾನೇಕೆ ಮುಚ್ಚಿಡಲಿ?

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ ಅವರ ಮನಸ್ಸು ಸಂನ್ಯಾಸದ ಕಡೆ ವಾಲಿತು. ರಾಮಕೃಷ್ಣ ಮಿಶನ್ನನ್ನು ಸೇರಬೇಕೆಂದು ಹಂಬಲಿಸಿದರು. ವೆಂಕಮ್ಮನವರು ಇದಕ್ಕೂ ಒಪ್ಪಲಿಲ್ಲ. ವೈದ್ಯನಾದರೆ ಸೇವೆಯೂ ಆಯಿತು, ಮಿಶನ್ನಿನ ಆಸ್ಪತ್ರೆಗಳಿಗೂ ಒದಗಬಹುದು ಎಂಬ ವಿಚಾರದಿಂದ ಮದ್ರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಖರ್ಚಿಗೆ ನೆರವಾದವರು ಮುಂದೆ ಮಾವನಾದ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರು. 1919ರಲ್ಲಿ ಅವರ ಮಗಳು ಶೇಷಗಿರಿಯೊಡನೆ ವಿವಾಹವಾಯಿತು.

ಅದು ಗಾಂಧೀಜಿಯವರ ಕರೆಗೆ ದೇಶವೆಲ್ಲ ಓಗೊಡುತ್ತಿದ್ದ ಕಾಲ. ಸುಬ್ಬರಾಯರು ಖಾದಿಯ ಅಂಗಿಯನ್ನೇ ತೊಟ್ಟು ಶಸ್ತ್ರವೈದ್ಯದ ವರ್ಗಕ್ಕೆ ಹೋದರು. ಪ್ರಾಧ್ಯಾಪಕ ಬ್ರ್ಯಾಡ್‌ಫೀಲ್ಡರಿಗೆ ಅದು ಸೇರಲಿಲ್ಲ. ಉಳಿದ ವಿಷಯಗಳಲ್ಲಿ ಚೆನ್ನಾಗಿಯೇ ಉತ್ತರಿಸಿದ್ದರೂ ಕೊನೆಗೆ ಇವರಿಗೆ ದೊರೆತದ್ದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಲ್.ಎಂ.ಎಸ್. ಪ್ರಶಸ್ತಿಪತ್ರ. ಆ ಪತ್ರವನ್ನು ಹಿಡಿದು ಮದ್ರಾಸು ಸರ್ಕಾರದ ವೈದ್ಯಕೀಯ ಸೇವೆಗೆ ಅರ್ಜಿ ಹಾಕಿದರು, ಕೆಲಸ ಸಿಗಲಿಲ್ಲ. ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಉಪನ್ಯಾಸಕರಾದರು.

ಈ ವರ್ಷಗಳಲ್ಲಿಯೇ ಅವರ ಮನೆಯ ಮೇಲೆ ಒಂದು ದೊಡ್ಡ ಕೇಡು ಬಂದೆರಗಿತ್ತು. ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸಹೋದರರು ಸ್ಪ್ರೂ ಎಂಬ ಬೇನೆಯಿಂದ ತೀರಿಕೊಂಡರು. ನಮ್ಮವರು ಗ್ರಹಣಿ ಎನ್ನುವಂಥ ಕಾಯಿಲೆಯದು: ಉಂಡದ್ದು ಮೈಗೆ ಹತ್ತುವುದಿಲ್ಲ, ಭೇದಿ ನಿಲ್ಲುವುದಿಲ್ಲ, ರಕ್ತ ತೆಳುವಾಗಿ ಮನುಷ್ಯ ಕಣ್ಣೆದುರಿಗೇ ಸವೆದುಹೋಗುತ್ತಾನೆ. ಆಗ ಅದಕ್ಕೆ ಖಚಿತವಾದ ಮದ್ದಿರಲಿಲ್ಲ. ವೈದ್ಯಶಾಸ್ತ್ರ ಓದುತ್ತಿದ್ದವನ ಮನೆಯಲ್ಲೇ ವೈದ್ಯಶಾಸ್ತ್ರ ಸೋತು ಕೂತಿತ್ತು. ಈ ಹೆಸರನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

1920ರ ದಶಕದ ಆರಂಭದಲ್ಲಿ, ಮಾವನವರು ಕೂಡಿಸಿಕೊಟ್ಟ ಹಣವನ್ನೂ ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯ್ಕರ್ ಧರ್ಮನಿಧಿಯ ನೆರವಿನ ಭರವಸೆಯನ್ನೂ ನೆಚ್ಚಿ ಅವರು ಹಡಗು ಹತ್ತಿದರು. ಗಂಡ ಕೆಲವು ವರ್ಷಗಳಲ್ಲಿ ತಿರುಗಿ ಬರುವರೆಂದು ಶೇಷಗಿರಿಯವರು ನಂಬಿದ್ದರು. ಅವರು ಮತ್ತೆ ಬರಲೇ ಇಲ್ಲ. ಹುಟ್ಟಿದ ಒಂದು ಗಂಡುಮಗು ಎಳೆತನದಲ್ಲೇ ತೀರಿಹೋಯಿತು. ಅದನ್ನು ತಂದೆ ನೋಡಲೂ ಇಲ್ಲ. ಸುಬ್ಬರಾಯರ ಕೀರ್ತಿಯನ್ನು ಹಾಡುವವರು ಈ ಹೆಣ್ಣುಮಗಳ ಹೆಸರನ್ನು ಒಂದು ವಾಕ್ಯದಲ್ಲಿ ಹೇಳಿ ದಾಟಿಬಿಡುತ್ತಾರೆ. ನನಗೂ ಅದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಬದಿಗೆ ಬರೆಯಬೇಕಾದ ಮೊತ್ತ ಅದೇ ಎಂದು ತೋರುತ್ತದೆ.

ಬೋಸ್ಟನ್ ನಗರದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಷ್ಣವಲಯದ ರೋಗಗಳ ವ್ಯಾಸಂಗಕ್ಕೆ ಸೇರಿದರು. ನಮ್ಮ ಎಲ್.ಎಂ.ಎಸ್. ಅಲ್ಲಿ ವೈದ್ಯವೃತ್ತಿಗೆ ಸಲ್ಲದು. ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದರು. ಡಿಪ್ಲೊಮಾ ಮುಗಿದ ಮೇಲೆ ಹಾರ್ವರ್ಡಿನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಎಂಬ ವಿದ್ವಾಂಸರ ಕೈಕೆಳಗೆ ಕೆಲಸಕ್ಕೆ ನಿಂತರು. ಇಲ್ಲಿಂದಲೇ ರಂಜಕದ ಕಥೆ ಮೊದಲಾಗುವುದು.

ರಂಜಕವೆಂದರೆ ಫಾಸ್ಫರಸ್. ಬೆಂಕಿಕಡ್ಡಿಯ ಪೆಟ್ಟಿಗೆಯ ಬದಿಗೆ ಸವರುವುದರಲ್ಲೂ, ಗದ್ದೆಗೆ ಹಾಕುವ ಸೂಪರ್ ಫಾಸ್ಫೇಟಿನಲ್ಲೂ ಇರುವ ಮೂಲವಸ್ತು. ನಮ್ಮ ಎಲುಬಿನಲ್ಲಿ ಅದು ಸುಣ್ಣದೊಡನೆ ಸೇರಿ ಹೇರಳವಾಗಿದೆ. ರಕ್ತ, ಮಾಂಸಗಳಲ್ಲಿ ಬಹು ಸ್ವಲ್ಪ. ಆ ಸ್ವಲ್ಪವನ್ನು ನೆಚ್ಚಿಗೆಯಿಂದ ಅಳೆಯುವುದು ಆಗ ತೊಡಕಿನ ಕೆಲಸವಾಗಿತ್ತು. ಫಿಸ್ಕೆ ಮತ್ತು ಸುಬ್ಬರಾಯರು 1925ರಲ್ಲಿ ಪ್ರಕಟಿಸಿದ ವಿಧಾನ ಇಷ್ಟೆ: ಪರೀಕ್ಷಿಸಬೇಕಾದ ರಸಕ್ಕೆ ಆಮ್ಲದೊಡನೆ ಮಾಲಿಬ್ಡೇಟ್ ಎಂಬ ಲವಣವನ್ನು ಬೆರಸಬೇಕು, ಅದು ಫಾಸ್ಫೇಟನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಇನ್ನೊಂದು ವಸ್ತುವಿನ ಕೆಲವು ಹನಿ ಹಾಕಿದರೆ ರಸವೆಲ್ಲ ನೀಲಿಯಾಗುತ್ತದೆ. ಫಾಸ್ಫೇಟು ಹೆಚ್ಚಿದ್ದಷ್ಟೂ ನೀಲಿ ಗಾಢ. ಅಳತೆ ಗೊತ್ತಿರುವ ನೀಲಿಯೊಡನೆ ಹೋಲಿಸಿ ನೋಡಿದರೆ ಲೆಕ್ಕ ಸಿಕ್ಕಿತು. ಈ ಪದ್ಧತಿ ಎಷ್ಟು ಸರಳವಾಗಿತ್ತೆಂದರೆ ಪ್ರಪಂಚದ ಪ್ರಯೋಗಶಾಲೆಗಳೆಲ್ಲ ಅದನ್ನು ಎತ್ತಿಕೊಂಡುವು. ನಮ್ಮ ದೇಶದ ವಿಜ್ಞಾನದ ವಿದ್ಯಾರ್ಥಿಗಳು ಈಗಲೂ ಫಿಸ್ಕೆ-ಸುಬ್ಬರಾವ್ ವಿಧಾನವೆಂದು ತಮ್ಮ ಪ್ರಯೋಗದ ಪುಸ್ತಕದಲ್ಲಿ ಬರೆಯುತ್ತಾರೆ. ಆ ಸುಬ್ಬರಾವ್ ಯಾರೆಂದು ಕೇಳಿದರೆ ಹೆಚ್ಚಿನವರು ಮುಖ ನೋಡುತ್ತಾರೆ.

ಇನ್ನು ಬರುವುದು ನನಗೆ ಅವರ ಇಡೀ ಚರಿತ್ರೆಯಲ್ಲಿ ಬಹಳ ಹಿಡಿಸಿದ ಭಾಗ. ಸ್ನಾಯುವಿನಿಂದ, ಎಂದರೆ ಮಾಂಸಖಂಡದಿಂದ, ತೆಗೆದ ರಸವನ್ನು ಹೀಗೆ ಪರೀಕ್ಷಿಸುವಾಗ ನೀಲಿ ಬಣ್ಣ ಒಮ್ಮೆಗೇ ಬಂದು ನಿಲ್ಲುತ್ತಿರಲಿಲ್ಲ. ಮೊದಲು ತಿಳಿಯಾಗಿ ಬಂದು, ಹೊತ್ತು ಹೋದಂತೆ ಗಾಢವಾಗುತ್ತ ಹೋಗುತ್ತಿತ್ತು. ಬೇರೊಬ್ಬರಾಗಿದ್ದರೆ ಪದ್ಧತಿಯಲ್ಲೇ ಏನೋ ದೋಷವಿದೆಯೆಂದು ಬಗೆದು, ಇಂತಿಷ್ಟು ನಿಮಿಷಕ್ಕೆ ನೋಡಿರೆಂದು ಒಂದು ನಿಯಮ ಬರೆದು ಮುಗಿಸುತ್ತಿದ್ದರು. ಇವರಿಬ್ಬರು ಆ ತಡವೇ ಒಂದು ಸುದ್ದಿಯೆಂದು ತಿಳಿದರು. ಸ್ನಾಯುವಿನಲ್ಲಿ ಫಾಸ್ಫೇಟು ಬಿಡಿಯಾಗಿಲ್ಲ, ಯಾವುದಕ್ಕೋ ಸಡಿಲವಾಗಿ ಅಂಟಿಕೊಂಡಿದೆ. ಆಮ್ಲದಲ್ಲಿ ಆ ಅಂಟು ಮೆಲ್ಲಮೆಲ್ಲನೆ ಬಿಡುತ್ತಿದೆ. ಬಿಟ್ಟುಬಂದಷ್ಟೂ ನೀಲಿ ಏರುತ್ತಿದೆ. ಹಾಗೆ ಸಿಕ್ಕಿದ ವಸ್ತುವೇ ಫಾಸ್ಫೊಕ್ರಿಯಾಟಿನ್. ಅದನ್ನು 1927ರಲ್ಲಿ ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನ ಎಗಲ್ಟನ್ ದಂಪತಿಗಳೂ ಇಂಥದೊಂದು ವಸ್ತುವನ್ನು ಬೇರೆಯಾಗಿ ಗುರುತಿಸಿದ್ದರು.

ಆ ವಸ್ತುವಿನ ಕೆಲಸವೇನು? ದುಡಿಯುವ ಸ್ನಾಯುವಿನಲ್ಲಿ ಅದು ಇಳಿಯುತ್ತದೆ, ದಣಿವಾರಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಯಕ್ಷಗಾನದ ಪುಂಡುವೇಷದವನು ರಂಗಸ್ಥಳದಲ್ಲಿ ಒಮ್ಮೆಲೇ ನೆಗೆದು ದಿಗಿಣ ಹಾಕುತ್ತಾನಲ್ಲ, ಆ ಮೊದಲ ಕೆಲವು ಕ್ಷಣಗಳ ರಭಸಕ್ಕೆ ಮುಖ್ಯವಾದ ಬಂಡವಾಳ ಈ ಫಾಸ್ಫೊಕ್ರಿಯಾಟಿನ್. ಉಸಿರು ಏರಿ, ಆಮ್ಲಜನಕ ಒದಗಿ ಬರುವುದು ಆಮೇಲೆ. ಸ್ನಾಯುವಿನ ಶಕ್ತಿಯೆಲ್ಲ ಲ್ಯಾಕ್ಟಿಕ್ ಆಮ್ಲ ಹುಟ್ಟುವುದರಿಂದ ಬರುತ್ತದೆಂದು ಅಲ್ಲಿಯವರೆಗೆ ದೊಡ್ಡ ದೊಡ್ಡ ವಿದ್ವಾಂಸರು ನಂಬಿದ್ದರು. ಸ್ನಾಯುವಿನ ಮೇಲಿನ ಕೆಲಸಕ್ಕಾಗಿ ಹಿಲ್ ಮತ್ತು ಮೈಯರ್‌ಹಾಫ್ ಎಂಬವರಿಗೆ 1922ರ ನೊಬೆಲ್ ಬಹುಮಾನವೂ ಬಂದಿತ್ತು. ಫಾಸ್ಫೊಕ್ರಿಯಾಟಿನ್ ಕಂಡುಬಂದ ಮೇಲೆ ಆ ನಂಬಿಕೆ ಅಲುಗಾಡಿತು; 1930ರಲ್ಲಿ ಡೆನ್ಮಾರ್ಕಿನ ಲುಂಡ್ಸ್‌ಗಾರ್ಡರು ಲ್ಯಾಕ್ಟಿಕ್ ಆಮ್ಲ ಹುಟ್ಟದಂತೆ ಮಾಡಿದ ಸ್ನಾಯುವೂ ಮುದುಡಬಲ್ಲುದೆಂದು ತೋರಿಸಿದ ಮೇಲೆ ಬಿದ್ದೇಹೋಯಿತು.

1929ರಲ್ಲಿ ಇವರಿಬ್ಬರು ಸ್ನಾಯುವಿನಿಂದ ಇನ್ನೊಂದು ವಸ್ತುವನ್ನು ಬೇರ್ಪಡಿಸಿದರು: ಅಡಿನೋಸಿನ್ ಟ್ರೈಫಾಸ್ಫೇಟ್, ಎಂದರೆ ಈಗ ಹೈಸ್ಕೂಲಿನ ಮಕ್ಕಳಿಗೂ ಗೊತ್ತಿರುವ ಎ.ಟಿ.ಪಿ. ಒಂದರ ಬಾಲಕ್ಕೊಂದು ಕಟ್ಟಿದ ಮೂರು ಫಾಸ್ಫೇಟುಗಳು. ಕೊನೆಯದು ಕಳಚುವಾಗ ಸಿಗುವ ಶಕ್ತಿಯಿಂದಲೇ ಜೀವಕೋಶದ ಹೆಚ್ಚಿನ ವ್ಯವಹಾರ ನಡೆಯುವುದು. ಜರ್ಮನಿಯ ಕಾರ್ಲ್ ಲೋಮನ್ನರೂ ಅದೇ ವರ್ಷ ಅದನ್ನು ಕಂಡುಹಿಡಿದಿದ್ದರು, ತುಸು ಮೊದಲೇ ಪ್ರಕಟಿಸಿಯೂ ಇದ್ದರು. ಎ.ಟಿ.ಪಿ.ಯನ್ನು ಕಂಡವರು ಸುಬ್ಬರಾಯರೊಬ್ಬರೇ ಎಂದು ಅಭಿಮಾನದಿಂದ ಬರೆಯುವ ಲೇಖನಗಳನ್ನು ನಾನು ಓದಿದ್ದೇನೆ. ಅಷ್ಟು ಅಭಿಮಾನ ಬೇಕಾಗಿಲ್ಲ. ಇರುವ ಪಾಲೇ ಸಾಕಷ್ಟು ದೊಡ್ಡದು.

ಎ.ಟಿ.ಪಿ.ಯನ್ನು ಕಣ್ಣಾರೆ ಕಾಣಲಾಗದಿದ್ದರೂ ಅದು ತೀರಿಹೋದುದನ್ನು ನಮ್ಮ ಕರಾವಳಿಯವರು ದಿನವೂ ಕಾಣುತ್ತಾರೆ. ಹೊನ್ನಾವರದ ಕಾಸರಕೋಡ ಬಂದರಿನಲ್ಲಿ ಆಗತಾನೇ ಇಳಿಸಿದ ಬಂಗಡೆಯನ್ನು ಎತ್ತಿ ಹಿಡಿದರೆ ಅದು ಕೋಲಿನಂತೆ ಸೆಟೆದು ನಿಲ್ಲುತ್ತದೆ. ಮೀನು ಸತ್ತ ಮೇಲೆ ಸ್ನಾಯುವಿನ ಎ.ಟಿ.ಪಿ. ಮುಗಿಯುತ್ತದೆ, ಅದಿಲ್ಲದೆ ಸ್ನಾಯುವಿನ ಎಳೆಗಳು ಒಂದನ್ನೊಂದು ಬಿಡಲಾರವು, ಆದುದರಿಂದ ಆ ಬಿಗುವು. ಇನ್ನೂ ಹೊತ್ತಾದ ಮೇಲೆ ಎಳೆಗಳೇ ಕಳಚತೊಡಗಿ ಮೀನು ಮೆತ್ತಗಾಗುತ್ತದೆ. ಸೆಟೆದ ಮೀನನ್ನೇ ಆರಿಸುವ ನಮ್ಮ ತಾಯಂದಿರು ಆ ಮಟ್ಟಿಗೆ ಜೀವರಸಾಯನಶಾಸ್ತ್ರಜ್ಞರೆಂದೇ ಹೇಳಬೇಕು.

1930ರಲ್ಲಿ ಸುಬ್ಬರಾಯರಿಗೆ ಪಿಎಚ್.ಡಿ. ದೊರೆಯಿತು. ಅದರ ಮುಂದಿನ ಹತ್ತು ವರ್ಷಗಳು ಹೇಳುವುದಕ್ಕೆ ಸುಖವಾದವಲ್ಲ. ಅವರು ದುಡಿದುದು ಹೆಚ್ಚು, ಹೊರಬಂದುದು ಕಡಿಮೆ. ಅದೇ ಪ್ರಯೋಗಶಾಲೆಯಲ್ಲಿ ಆಗ ವಿದ್ಯಾರ್ಥಿಯಾಗಿದ್ದು ಮುಂದೆ ನೊಬೆಲ್ ಬಹುಮಾನ ಪಡೆದ ಜಾರ್ಜ್ ಹಿಚಿಂಗ್ಸರು, ಸುಬ್ಬರಾಯರು ಬೇರ್ಪಡಿಸಿದ್ದ ಕೆಲವು ವಸ್ತುಗಳನ್ನು ಫಿಸ್ಕೆಯವರು ಬೆಳಕಿಗೆ ಬರಗೊಡಲಿಲ್ಲವೆಂದೂ, ಅವನ್ನು ಎಷ್ಟೋ ವರ್ಷಗಳ ಮೇಲೆ ಬೇರೆಯವರು ಹೊಸದಾಗಿ ಕಂಡುಹಿಡಿಯಬೇಕಾಯಿತೆಂದೂ ತಿಳಿಸಿದ್ದಾರೆ. ಫಿಸ್ಕೆಯವರ ಪಕ್ಷವನ್ನು ಹೇಳುವವರು ಯಾರೂ ನನಗೆ ಸಿಕ್ಕಿಲ್ಲ. ಹಾಗೆಂದು ಒಂದು ಕಡೆಯ ಮಾತಿನ ಮೇಲೆ ತೀರ್ಪು ಕೊಡಲು ನನಗೆ ಮನಸ್ಸೂ ಇಲ್ಲ. ಹಾರ್ವರ್ಡಿನಲ್ಲಿ ಸುಬ್ಬರಾಯರಿಗೆ ಖಾಯಂ ಹುದ್ದೆ ಕೊಡಲಿಲ್ಲವೆಂಬುದು ಮಾತ್ರ ನಿಜ. 1940ರಲ್ಲಿ ಅವರು ನ್ಯೂಯಾರ್ಕಿನ ಹತ್ತಿರದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲಿ ಪ್ರಯೋಗಶಾಲೆಯನ್ನು ಸೇರಿದರು. ಸ್ವಲ್ಪ ಕಾಲದಲ್ಲೇ ಅಲ್ಲಿಯ ಸಂಶೋಧನೆಯ ನಿರ್ದೇಶಕರಾದರು. ರಾತ್ರಿಯಾಳಾಗಿ ಪಾತ್ರೆ ತೊಳೆದವರ ಕೈಕೆಳಗೆ ಈಗ ನೂರಾರು ಜನ.

ಉಳಿದ ಆಯುಷ್ಯ ಎಂಟೇ ವರ್ಷ. ಆ ಎಂಟು ವರ್ಷಗಳಲ್ಲಿ ಆ ಪ್ರಯೋಗಶಾಲೆಯಿಂದ ಬಂದುವನ್ನು ಎಣಿಸಿದರೆ ಆಶ್ಚರ್ಯವಾಗುತ್ತದೆ. ಡಿ.ಇ.ಸಿ.ಯನ್ನು ಆಗಲೇ ಹೇಳಿದೆ. ಬೆಂಜಮಿನ್ ಡುಗ್ಗರ್ ಎಂಬ ವೃದ್ಧ ಸಸ್ಯಶಾಸ್ತ್ರಜ್ಞರು ಅಲ್ಲಿಯೇ ಮಣ್ಣಿನ ಜೀವಾಣುವಿನಿಂದ ಆರಿಯೋಮೈಸಿನನ್ನು ತೆಗೆದರು. ಟೆಟ್ರಾಸೈಕ್ಲಿನ್ ಕುಲದ ಮೊದಲ ಔಷಧ ಅದು. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗು ಹಬ್ಬಿತೆಂದು ದೇಶ ನಡುಗಿದಾಗ ಜನರು ಸಾಲುನಿಂತು ಕೊಂಡದ್ದು ಆ ಕುಲದ ಮದ್ದನ್ನೇ.

ನನ್ನ ವಿಷಯಕ್ಕೆ ಮುಖ್ಯವಾದುದು ಫೋಲಿಕ್ ಆಮ್ಲ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರ ರಕ್ತಹೀನತೆಯನ್ನು ಪರೀಕ್ಷಿಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದೆಂದು 1931ರಲ್ಲಿ ಪ್ರಕಟಿಸಿದ್ದರು. ನಮ್ಮ ಜಿಲ್ಲೆಯೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಆ ಸಾರದಲ್ಲಿದ್ದ ಗುಣಕಾರಿ ವಸ್ತುವೇ ಫೋಲಿಕ್ ಆಮ್ಲ. ಹೆಸರು ಬಂದುದು ಎಲೆ ಎಂಬರ್ಥದ ಲ್ಯಾಟಿನ್ ಮಾತಿನಿಂದ. ಬಸಳೆ, ಹರಿವೆಯಂಥ ಸೊಪ್ಪುಗಳಲ್ಲಿ ಅದು ಇದೆ. ಸುಬ್ಬರಾಯರ ಬಳಗದವರು ಅದರ ರಚನೆಯನ್ನು ಬಿಡಿಸಿ, 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಕೂಡಲೇ ಅದನ್ನು ಪ್ರಯೋಗಿಸಿ ನೋಡಿದ ರೋಗಗಳಲ್ಲಿ ಒಂದು ಸ್ಪ್ರೂ. ರೋಗಿಗಳ ರಕ್ತ ಸುಧಾರಿಸಿತು. ಸಹೋದರರಿಬ್ಬರೂ ತೀರಿ ಆಗ ಸುಮಾರು ಕಾಲು ಶತಮಾನ ಕಳೆದಿತ್ತು.

ಈ ಫೋಲಿಕ್ ಆಮ್ಲವೇ ಅವರನ್ನು ಕ್ಯಾನ್ಸರಿನ ಬಾಗಿಲಿಗೆ ತಂದು ನಿಲ್ಲಿಸಿತು. ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಲ್ಯುಕೀಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಆದ ಮಕ್ಕಳನ್ನು ನೋಡುತ್ತಿದ್ದರು. ಆಗ ಅದು ವಾರಗಳ, ಹೆಚ್ಚೆಂದರೆ ಕೆಲವು ತಿಂಗಳ ಮಾತು. ರಕ್ತವನ್ನು ಸರಿಪಡಿಸುವ ಫೋಲಿಕ್ ಆಮ್ಲ ಇಲ್ಲಿಯೂ ಉಪಕಾರ ಮಾಡೀತೆಂದು ಅದರ ಜಾತಿಯ ವಸ್ತುಗಳನ್ನು ಕೊಟ್ಟು ನೋಡಿದರೆ, ರೋಗ ಇನ್ನೂ ವೇಗವಾಗಿ ಏರಿತು! ಫಾರ್ಬರರು ಇದನ್ನು ತಿರುವಿಹಾಕಿ ಯೋಚಿಸಿದರು. ಕ್ಯಾನ್ಸರಿನ ಕೋಶಗಳು ಈ ವಸ್ತುವಿಗಾಗಿ ಹಸಿದಿರುವುದಾದರೆ, ಅದನ್ನು ಹೋಲುವ ಆದರೆ ಕೆಲಸಕ್ಕೆ ಬಾರದ ನಕಲಿಯೊಂದನ್ನು ಉಣಿಸಿದರೆ? ಅಂಥ ನಕಲಿಗಳು ಸುಬ್ಬರಾಯರ ಪ್ರಯೋಗಶಾಲೆಯಲ್ಲಿ ತಯಾರಾಗುತ್ತಿದ್ದುವು. ಅವುಗಳಲ್ಲೊಂದು ಅಮೈನೊಪ್ಟೆರಿನ್. ಹದಿನಾರು ಮಕ್ಕಳಿಗೆ ಅದನ್ನು ಕೊಟ್ಟು, ಹತ್ತು ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತೆಂದು ಫಾರ್ಬರರು 1948ರ ಜೂನಿನಲ್ಲಿ ಪ್ರಕಟಿಸಿದರು. ತಾತ್ಕಾಲಿಕವೆಂಬ ಮಾತನ್ನು ಮರೆಯಬಾರದು. ರೋಗ ಮತ್ತೆ ಮರಳಿತು. ಆದರೂ ಔಷಧದಿಂದ ಈ ರೋಗ ಹಿಂದೆ ಸರಿಯಬಲ್ಲುದೆಂದು ಲೋಕ ಕಂಡದ್ದು ಅದೇ ಮೊದಲು. ಅಮೈನೊಪ್ಟೆರಿನ್ನಿನ ತಮ್ಮನಂತಿರುವ ಮೆಥೊಟ್ರೆಕ್ಸೇಟೂ ಅಲ್ಲಿಯದೇ. 1956ರಲ್ಲಿ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಸ್ ಎಂಬ ವೈದ್ಯರು ಅದರಿಂದ ಗರ್ಭಕೋಶದಲ್ಲಿ ಮೊದಲಾಗುವ ಒಂದು ಅಪರೂಪದ ಕ್ಯಾನ್ಸರನ್ನು ಪೂರ್ಣವಾಗಿ ಗುಣಪಡಿಸಿದರು. ಸಂಧಿವಾತಕ್ಕೂ ಈಗ ವಾರಕ್ಕೊಮ್ಮೆ ಅದನ್ನು ಕೊಡುತ್ತಾರೆ. ಕುಮಟೆಯ ಔಷಧದ ಅಂಗಡಿಯಲ್ಲೂ ಸಿಗುವ ಮಾತ್ರೆ.

ಇವನ್ನೆಲ್ಲ ನೋಡಲು ಸುಬ್ಬರಾಯರಿರಲಿಲ್ಲ. ಫಾರ್ಬರರ ಲೇಖನ ಪ್ರಕಟವಾದ ಎರಡು ತಿಂಗಳಲ್ಲೇ, 1948ರ ಆಗಸ್ಟಿನಲ್ಲಿ, ನ್ಯೂಯಾರ್ಕಿನಲ್ಲಿ ಒಂದು ರಾತ್ರಿ ಮಲಗಿದವರು ಹೃದಯಾಘಾತದಿಂದ ನಿದ್ರೆಯಲ್ಲೇ ತೀರಿಕೊಂಡರು. ವಯಸ್ಸು 53. ಅಷ್ಟು ವರ್ಷ ಅಲ್ಲಿದ್ದರೂ ಅಮೇರಿಕೆಯ ಪೌರರಾಗಿರಲಿಲ್ಲ. ಹುಟ್ಟಿದ ದೇಶ ಸ್ವತಂತ್ರವಾಗಿ ವರ್ಷ ತುಂಬುವುದರೊಳಗೇ ಹೋದರು.

ಈಗ ರಂಜಕದ ತುದಿಗೆ ಮರಳಬೇಕು. ಸುಬ್ಬರಾಯರು ತೀರಿ ಏಳು ವರ್ಷಗಳಾದ ಮೇಲೆ, 1955ರಲ್ಲಿ, ಅಮೇರಿಕೆಯ ಸಿಯಾಟಲ್ ನಗರದ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಎಂಬಿಬ್ಬರು ಸ್ನಾಯುವಿನ ಒಂದು ಕಿಣ್ವವನ್ನು ಪರೀಕ್ಷಿಸುತ್ತಿದ್ದರು. ಸಂಗ್ರಹವಾದ ಪಿಷ್ಟವನ್ನು ಒಡೆದು ಸಕ್ಕರೆ ಒದಗಿಸುವ ಕಿಣ್ವ ಅದು. ಅದು ಕೆಲವೊಮ್ಮೆ ಮಲಗಿರುತ್ತದೆ, ಕೆಲವೊಮ್ಮೆ ಎದ್ದಿರುತ್ತದೆ. ಎಬ್ಬಿಸುವವರಾರು? ಎ.ಟಿ.ಪಿ.ಯ ಕೊನೆಯ ಫಾಸ್ಫೇಟನ್ನು ಕಿತ್ತು ತಂದು ಆ ಕಿಣ್ವದ ಮೈಗೆ ಅಂಟಿಸಿದರೆ ಅದು ಏಳುತ್ತದೆ, ತೆಗೆದುಬಿಟ್ಟರೆ ಮಲಗುತ್ತದೆ. ಅಂಟಿಸುವ ಕೆಲಸಕ್ಕೆ ಬೇರೊಂದು ಕಿಣ್ವವಿದೆ, ಅದನ್ನು ಕೈನೇಸ್ ಎನ್ನುತ್ತಾರೆ, ತೆಗೆಯುವುದು ಫಾಸ್ಫಟೇಸ್. ಅಲ್ಲಿಯವರೆಗೆ ಎ.ಟಿ.ಪಿ.ಯೆಂದರೆ ಒಲೆಗೆ ಹಾಕುವ ಸೌದೆಯೆಂದಷ್ಟೇ ತಿಳಿದಿತ್ತು. ಅದೇ ಫಾಸ್ಫೇಟು ಅಪ್ಪಣೆಯ ಮುದ್ರೆಯೂ ಆಗಬಲ್ಲುದೆಂದು ಈಗ ತಿಳಿಯಿತು. ಇದಕ್ಕಾಗಿ ಅವರಿಬ್ಬರಿಗೆ 1992ರಲ್ಲಿ ನೊಬೆಲ್ ಬಹುಮಾನ ಬಂತು.

ಇದು ಒಂದು ಕಿಣ್ವದ ಮಾತಲ್ಲವೆಂದು ಬರಬರುತ್ತ ಗೊತ್ತಾಯಿತು. ಮನುಷ್ಯನ ಶರೀರದಲ್ಲಿ 500ಕ್ಕೂ ಮಿಕ್ಕಿ ಕೈನೇಸುಗಳಿವೆ. ಕೋಶದ ಹೊರಗೆ ಬಂದ ಸುದ್ದಿ ಒಳಗೆ ತಲುಪುವುದು ಹೆಚ್ಚಾಗಿ ಹೀಗೆಯೇ: ಹೊರಬಾಗಿಲಲ್ಲಿರುವ ಒಂದು ಸಸಾರಜನಕದ (ಈಗಿನ ಪುಸ್ತಕಗಳ ಮಾತಿನಲ್ಲಿ ಪ್ರೋಟೀನಿನ) ಮೇಲೆ ಫಾಸ್ಫೇಟು ಬೀಳುತ್ತದೆ, ಅದರಿಂದ ಎಚ್ಚೆತ್ತುದು ಮುಂದಿನದರ ಮೇಲೆ ಹಾಕುತ್ತದೆ, ಅದು ಅದರ ಮುಂದಿನದಕ್ಕೆ. ಕೊನೆಗೆ ಬೆಳೆ, ಎರಡಾಗು ಎಂಬ ಅಪ್ಪಣೆ ಕೋಶದ ನಡುವಿನ ಕೇಂದ್ರವನ್ನು ಮುಟ್ಟುತ್ತದೆ. ಕೆಲಸವಾದ ಮೇಲೆ ಫಾಸ್ಫೇಟುಗಳನ್ನು ತೆಗೆದುಹಾಕಬೇಕು.

ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ಬದಿಯ ಗಜನಿ ಗದ್ದೆಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಕಟ್ಟೆಯಲ್ಲಿ ನೀರಿನ ಬಾಗಿಲುಗಳಿವೆ, ಅವಕ್ಕೆ ಹಲಗೆಗಳಿವೆ. ಇಳಿತದಲ್ಲಿ ತೆರೆದು ಗದ್ದೆಯ ನೀರನ್ನು ಬಿಡುತ್ತಾರೆ, ಭರತದಲ್ಲಿ ಮುಚ್ಚಿ ಉಪ್ಪುನೀರನ್ನು ತಡ್ಡುತ್ತಾರೆ. ತೆರೆಯುವುದೂ ಕೃಷಿಯೇ, ಮುಚ್ಚುವುದೂ ಕೃಷಿಯೇ. ಹಲಗೆ ತೆರೆದಲ್ಲೇ ಸಿಕ್ಕಿಕೊಂಡಿತೆನ್ನಿ. ಆಮೇಲೆ ಕಗ್ಗದಂಥ ಉಪ್ಪುಸಹಿಸುವ ಭತ್ತವೂ ಉಳಿಯಲಾರದು. ಕೈನೇಸು ತೆರೆದಲ್ಲೇ ಸಿಕ್ಕಿಕೊಂಡರೆ ಕೋಶದಲ್ಲಿ ಆಗುವುದು ಇದೇ. ಬೆಳೆಯೆಂಬ ಅಪ್ಪಣೆ ನಿಲ್ಲುವುದೇ ಇಲ್ಲ. 1911ರಲ್ಲಿ ಪೇಟನ್ ರೌಸ್ ಎಂಬವರು ಕೋಳಿಯ ಗಡ್ಡೆಯಿಂದ ತೆಗೆದ ವೈರಸ್ಸೊಂದು ಕ್ಯಾನ್ಸರ್ ತರುವುದು ಇಂಥ ಒಂದು ಕೈನೇಸಿನಿಂದಲೇ ಎಂಬುದು 1970ರ ದಶಕದ ಕೊನೆಗೆ ಬಯಲಾಯಿತು.

ಮನುಷ್ಯರಲ್ಲಿ ಇದು ಬಹಳ ಸ್ಪಷ್ಟವಾಗಿ ಕಂಡುದು ರಕ್ತದ ಕ್ಯಾನ್ಸರಿನ ಇನ್ನೊಂದು ಬಗೆಯಲ್ಲಿ. ದೊಡ್ಡವರಿಗೆ ಬರುವ ದೀರ್ಘಕಾಲದ ಲ್ಯುಕೀಮಿಯಾ ಅದು. ಅಲ್ಲಿ 9ನೆಯ ಮತ್ತು 22ನೆಯ ವರ್ಣತಂತುಗಳು ಒಂದರ ತುಂಡನ್ನೊಂದು ಅದಲುಬದಲು ಮಾಡಿಕೊಂಡು, ಎರಡು ಜೀನುಗಳು ಬೆಸೆದು, ಸದಾ ತೆರೆದಿರುವ ಒಂದು ಕೈನೇಸು ಹುಟ್ಟುತ್ತದೆ. 2001ರಲ್ಲಿ ಅಮೇರಿಕೆಯ ಸರ್ಕಾರ ಅನುಮತಿ ಕೊಟ್ಟ ಇಮ್ಯಾಟಿನಿಬ್ ಎಂಬ ಔಷಧ ಮಾಡುವುದಿಷ್ಟೆ: ಆ ಕೈನೇಸಿನಲ್ಲಿ ಎ.ಟಿ.ಪಿ. ಬಂದು ಕೂರುವ ಪೀಠದಲ್ಲಿ ತಾನು ಮೊದಲೇ ಹೋಗಿ ಕೂತುಬಿಡುತ್ತದೆ. ಎ.ಟಿ.ಪಿ.ಗೆ ಜಾಗವಿಲ್ಲ, ಅಂಟಿಸಲು ಫಾಸ್ಫೇಟಿಲ್ಲ, ಅಪ್ಪಣೆ ಹೊರಡುವುದಿಲ್ಲ. ಕೆಲವೇ ವರ್ಷ ಬದುಕಬಹುದಾಗಿದ್ದ ರೋಗಿಗಳಲ್ಲಿ ಹೆಚ್ಚಿನವರು ಈಗ ದಿನಕ್ಕೊಂದು ಬಾರಿ ಮಾತ್ರೆ ನುಂಗಿ ತಮ್ಮ ಕೆಲಸ ಮಾಡಿಕೊಂಡಿದ್ದಾರೆ. ಅದು ಬಂದ ಹೊಸತರಲ್ಲಿ ನಮ್ಮ ದೇಶದಲ್ಲಿ ಒಡೆಯ ಸಂಸ್ಥೆಯ ಮಾತ್ರೆಗೆ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ. ನಮ್ಮಲ್ಲೇ ತಯಾರಾದುದಕ್ಕೆ ಸುಮಾರು 8ರಿಂದ 10 ಸಾವಿರ. ಆ ಸಂಸ್ಥೆಯ ಪೇಟೆಂಟಿನ ಕೋರಿಕೆಯನ್ನು 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಭಟ್ಕಳದಿಂದ ಮಣಿಪಾಲಕ್ಕೋ ಮಂಗಳೂರಿಗೋ ಚಿಕಿತ್ಸೆಗೆಂದು ಬೆಳಿಗ್ಗೆ ಬಸ್ಸು ಹತ್ತುವ ಮನೆಯವರಿಗೆ ಈ ಎರಡು ಮೊತ್ತಗಳ ಅಂತರವೆಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೆಥೊಟ್ರೆಕ್ಸೇಟು ಕೈನೇಸಿಗೆ ಸಂಬಂಧಿಸಿದ ಔಷಧವಲ್ಲ. ಅದು ಕೋಶ ಎರಡಾಗಲು ಬೇಕಾದ ಸಾಮಗ್ರಿಯ ತಯಾರಿಯನ್ನು ತಡೆಯುತ್ತದೆ. ಇಮ್ಯಾಟಿನಿಬ್ ತಡೆಯುವುದು ಅಪ್ಪಣೆಯನ್ನು. ಎರಡನ್ನೂ ಕಲಸಿ ಸುಬ್ಬರಾಯರೇ ಎಲ್ಲಕ್ಕೂ ಮೂಲಪುರುಷರೆನ್ನುವುದು ಸರಿಯಲ್ಲ. ಸೌದೆಯೆಂದು ತಾವು ಕಂಡ ಎ.ಟಿ.ಪಿ. ಮುದ್ರೆಯೂ ಹೌದೆಂದು ಅವರಿಗೆ ಗೊತ್ತಿರಲಿಲ್ಲ. ಆದರೆ ನೀಲಿ ಬಣ್ಣ ತಡವಾಗಿ ಏರುವುದನ್ನು ಗಮನಿಸಿ ಕಾದು ಕೂತವರು ಅವರು. ರಂಜಕದ ಹಿಂದೆ ಹೋದ ಅಂದಿನವರ ಕೈಯಲ್ಲಿ ಹಲವು ಕಾಲ ಇದ್ದದ್ದು ಅವರ ಅಳತೆಗೋಲು.

ಹಾರ್ವರ್ಡಿನ ಆ ಪ್ರಯೋಗಶಾಲೆಯಲ್ಲಿ ಸುಬ್ಬರಾಯರ ಜೊತೆಯಲ್ಲಿದ್ದ ಹಿಚಿಂಗ್ಸರು ಮುಂದೆ ಗರ್ಟ್ರೂಡ್ ಎಲಿಯನ್ನರೊಡನೆ ಮರ್ಕ್ಯಾಪ್ಟೊಪ್ಯೂರಿನ್ ಎಂಬ ಔಷಧವನ್ನು ತಯಾರಿಸಿದರು. ಇವರಿಬ್ಬರಿಗೂ 1988ರಲ್ಲಿ ನೊಬೆಲ್ ಬಂತು. ಸುಬ್ಬರಾಯರ ಪಾಲಿಗೆ ಬಂದುದು, 1953ರಲ್ಲಿ ಒಂದು ಶಿಲೀಂಧ್ರಕ್ಕೆ ಇಟ್ಟ ಸುಬ್ಬರೋಮೈಸಿಸ್ ಎಂಬ ಹೆಸರು ಮತ್ತು ಜನ್ಮಶತಾಬ್ದಿಯ ವರ್ಷವಾದ 1995ರಲ್ಲಿ ನಮ್ಮ ಅಂಚೆ ಇಲಾಖೆಯವರು ಹೊರಡಿಸಿದ ಒಂದು ಚೀಟಿ. ಇಂದು ಮಕ್ಕಳ ಲ್ಯುಕೀಮಿಯಾಕ್ಕೆ ಕೊಡುವ ಎರಡು-ಮೂರು ವರ್ಷಗಳ ಚಿಕಿತ್ಸೆಯಲ್ಲಿ ಮರ್ಕ್ಯಾಪ್ಟೊಪ್ಯೂರಿನ್ ದಿನದಿನವೂ, ಮೆಥೊಟ್ರೆಕ್ಸೇಟು ವಾರಕ್ಕೊಮ್ಮೆಯೂ ಜೊತೆಜೊತೆಯಾಗಿ ನಡೆಯುತ್ತವೆ. ಆ ಮಕ್ಕಳಲ್ಲಿ ಕೆಲವರ ಕೋಶಗಳಲ್ಲಿ 9 ಮತ್ತು 22ರ ಅದೇ ಅದಲುಬದಲು ಕಂಡುಬರುತ್ತದೆ. ಅಂಥ ಮಗುವಿನ ಔಷಧದ ಚೀಟಿಯಲ್ಲಿ ಇವೆರಡರ ಜೊತೆಗೆ ವೈದ್ಯರು ಇಮ್ಯಾಟಿನಿಬನ್ನೋ ಅದೇ ಬಗೆಯ ಇನ್ನೊಂದನ್ನೋ ಬರೆಯುತ್ತಾರೆ.